ವಿಮಾನ ದುರಸ್ತಿಯ ಶಿಕ್ಷಣದಲ್ಲಿ ಬೋಧಕ-ಪರೀಕ್ಷಕರ ಯೋಗ್ಯತೆಯ ತಪಾಸಣೆ



ವಿಮಾನವು ಆಕಾಶದಲ್ಲಿ ಹಾರುವುದನ್ನು ಕಂಡವರು ಅದನ್ನು ನಡೆಯಿಸುವ ಚಾಲಕನನ್ನು ನೆನೆಯುವರು. ರಾತ್ರಿಯೆಲ್ಲ ಎಚ್ಚರವಿದ್ದು ಅದನ್ನು ದುರಸ್ತಿಮಾಡಿ, ಇದು ಹಾರುವುದಕ್ಕೆ ಯೋಗ್ಯವಾಗಿದೆಯೆಂದು ಸಹಿ ಹಾಕಿದ ಇಂಜಿನಿಯರನನ್ನು ನೆನೆಯುವವರು ಕಡಮೆ. ಆ ಇಂಜಿನಿಯರನಿಗೆ ಕೆಲಸವನ್ನು ಕಲಿಸಿದ ಬೋಧಕನನ್ನೂ, ಅವನು ಕಲಿತನೆಂದು ಒಪ್ಪಿ ಅಂಕಗಳನ್ನಿತ್ತ ಪರೀಕ್ಷಕನನ್ನೂ ನೆನೆಯುವವರು ಇನ್ನೂ ಕಡಮೆ. ಹೀಗಿರುವಲ್ಲಿ, ಆ ಬೋಧಕನು ನಿಜವಾಗಿ ಕಲಿಸಬಲ್ಲನೇ, ಆ ಪರೀಕ್ಷಕನು ನಿಜವಾಗಿ ಪರೀಕ್ಷಿಸಬಲ್ಲನೇ ಎಂಬುದನ್ನು ನೋಡತಕ್ಕವರು ಯಾರು, ಹೇಗೆ ನೋಡತಕ್ಕದ್ದು ಎಂಬುದೇ ಈ ಹೊತ್ತಿನ ಉಪನ್ಯಾಸದ ವಿಷಯವು. ಕಚೇರಿಗಳಲ್ಲಿ ಇದನ್ನು ಆಡಿಟ್ ಎಂದು ಕರೆಯುವರು. ಹಣದ ಲೆಕ್ಕವನ್ನು ತಪಾಸಣೆ ಮಾಡುವುದಕ್ಕೆ ಹುಟ್ಟಿದ ಈ ಮಾತು ವಿದ್ಯೆಯ ಲೆಕ್ಕಕ್ಕೂ ಈಗ ಸಲ್ಲುತ್ತಿದೆ.

ವಿಷಯವು ಕೇಳಿದೊಡನೆ ಶ್ರೀಮಠದ ಶಿಷ್ಯವರ್ಗಕ್ಕೆ ದೂರದ್ದೆಂದು ತೋರಬಹುದು. ಆದರೆ ಒಕ್ಕಲುತನದ ಮನೆಗಳಿಂದಲೂ ಸಣ್ಣ ಅಂಗಡಿಕಾರರ ಮನೆಗಳಿಂದಲೂ ಹುಡುಗರು ಈ ವಿದ್ಯೆಯನ್ನು ಅರಸಿ ಪಟ್ಟಣಗಳಿಗೆ ಹೋಗುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ತಂದೆಯಾದವನು ಹೊಲವನ್ನು ಒತ್ತೆಯಿಟ್ಟು ಶುಲ್ಕವನ್ನು ಕಟ್ಟುವುದೂ ಉಂಟು. ಅವನಿಗೆ ಸಂಸ್ಥೆಯ ಕಟ್ಟಡವು ಕಾಣುತ್ತದೆ, ಅಂಗಳದಲ್ಲಿ ನಿಲ್ಲಿಸಿದ ಹಳೆಯ ವಿಮಾನವು ಕಾಣುತ್ತದೆ, ಬಾಗಿಲಲ್ಲಿ ತೂಗುಹಾಕಿದ ಅನುಮತಿಪತ್ರವು ಕಾಣುತ್ತದೆ. ಪಾಠ ಹೇಳುವವನಿಗೆ ಆ ಪಾಠವು ಬರುತ್ತದೆಯೋ ಇಲ್ಲವೋ ಎಂಬುದು ಮಾತ್ರ ಅವನಿಗೆ ಕಾಣುವಂತಿಲ್ಲ. ಅವನ ಪರವಾಗಿಯೂ, ಮುಂದೆ ಆ ಹುಡುಗನು ಸಹಿ ಹಾಕಿದ ವಿಮಾನದಲ್ಲಿ ಕುಳಿತು ಹೋಗುವ ಸಾವಿರಾರು ಜನರ ಪರವಾಗಿಯೂ ಅದನ್ನು ಕಾಣತಕ್ಕವನು ತಪಾಸಣಾಧಿಕಾರಿಯೊಬ್ಬನೇ.

ಕನ್ನಡನಾಡಿಗೆ ವಿಮಾನ ದುರಸ್ತಿಯ ಕಸುಬು ಹೊಸತೇನಲ್ಲ. 1940ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅದು ಅಮೇರಿಕದ ವಾಯುದಳದ ಕೈಗೆ ಹೋಗಿ ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿಮಾಡುವ ದೊಡ್ಡ ನೆಲೆಯಾಯಿತು. 1964ರಿಂದ ಅದೇ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೆಸರಿನಿಂದ ನಡೆದು ಬಂದಿದೆ. ಅಂಥ ಕಾರ್ಖಾನೆಗಳಲ್ಲಿ ವಿದ್ಯೆಯು ಕೈಯಿಂದ ಕೈಗೆ ಸಾಗುತ್ತಿತ್ತು. ಹಳೆಯ ಮೇಸ್ತ್ರಿಯ ಪಕ್ಕದಲ್ಲಿ ಹೊಸಬನು ನಿಂತು ಕಲಿಯುತ್ತಿದ್ದನು. ಕಲಿಸುವವನ ಯೋಗ್ಯತೆಯು ಎದುರಿಗಿದ್ದ ಯಂತ್ರದಲ್ಲಿಯೇ ತೋರಿಬರುತ್ತಿತ್ತು. ವಿದ್ಯೆಯು ಹ್ಯಾಂಗರಿನಿಂದ ಶಾಲೆಗೆ ಬಂದ ಮೇಲೆ ಈ ಸಾಕ್ಷಿಯು ತಪ್ಪಿತು. ಶಾಲೆಯಲ್ಲಿ ತಪ್ಪು ಹೇಳಿದರೆ ಯಾವ ವಿಮಾನವೂ ಕೆಳಗೆ ಬೀಳುವುದಿಲ್ಲ. ಬಿದ್ದರೆ ಎಷ್ಟೋ ವರುಷಗಳ ಮೇಲೆ, ಬೇರೊಂದು ಊರಿನಲ್ಲಿ, ಬೇರೊಬ್ಬನ ಹೆಸರಿನಲ್ಲಿ ಬೀಳುತ್ತದೆ.

ಇದು ಬರಿಯ ಊಹೆಯ ಮಾತಲ್ಲ. 1985ನೆಯ ಇಸವಿ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ ಸಂಸ್ಥೆಯ ವಿಮಾನವೊಂದು ಬೆಟ್ಟಕ್ಕೆ ಅಪ್ಪಳಿಸಿ 520 ಜನರು ಮಡಿದರು, ಬದುಕಿದವರು ನಾಲ್ವರೇ. ಕಾರಣವನ್ನು ಹುಡುಕಿದಾಗ ಅದು 1978ರಲ್ಲಿ ನಡೆದಿದ್ದ ಒಂದು ದುರಸ್ತಿಯಲ್ಲಿ ಸಿಕ್ಕಿತು. ವಿಮಾನದ ಹಿಂಭಾಗದ ಗಾಳಿಯೊತ್ತಡವನ್ನು ತಡೆಯುವ ಗೋಡೆಯಲ್ಲಿ ಎರಡು ಸಾಲು ರಿವೆಟ್ಟುಗಳು ಹೊರಬೇಕಾಗಿದ್ದ ಭಾರವನ್ನು ಒಂದೇ ಸಾಲು ಹೊರುವಂತೆ ತಗಡನ್ನು ಕೂಡಿಸಲಾಗಿತ್ತು. ಏಳು ವರುಷಗಳ ಕಾಲ ಆ ತಪ್ಪು ಮೌನವಾಗಿ ಮಲಗಿತ್ತು. ದುರಸ್ತಿಯ ತಪ್ಪೇ ಇಷ್ಟು ಕಾಲ ಮಲಗಬಲ್ಲದಾದರೆ, ಬೋಧನೆಯ ತಪ್ಪು ಎಷ್ಟು ಕಾಲ ಮಲಗೀತೆಂಬುದನ್ನು ಆಲೋಚಿಸಬಹುದು.

ಈಗ ಈ ಶಿಕ್ಷಣದ ಏರ್ಪಾಡನ್ನು ಸ್ವಲ್ಪ ನೋಡೋಣ. ಯೂರೋಪಿನ ಒಕ್ಕೂಟದಲ್ಲಿ ವಿಮಾನ ದುರಸ್ತಿಯವರ ಲೈಸೆನ್ಸಿಗೆ ಪಾರ್ಟ್ 66 ಎಂಬ ನಿಯಮಾವಳಿಯೂ, ಅವರಿಗೆ ಶಿಕ್ಷಣ ಕೊಡುವ ಸಂಸ್ಥೆಗಳಿಗೆ ಪಾರ್ಟ್ 147 ಎಂಬ ನಿಯಮಾವಳಿಯೂ ಇವೆ. ಮೊದಲು 2003ರಲ್ಲಿ ಹೊರಟ ಈ ನಿಯಮಗಳು 2014ರ 1321ನೆಯ ರೆಗ್ಯುಲೇಷನ್ನಿನಲ್ಲಿ ಪುನಃ ಸೇರ್ಪಟ್ಟಿವೆ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸಿ.ಎ.ಆರ್. 66 ಮತ್ತು ಸಿ.ಎ.ಆರ್. 147 ಇವುಗಳೂ ಅದೇ ಮಾದರಿಯಲ್ಲಿ ರಚಿತವಾದವು. ವಿವರಗಳು ಯೂರೋಪಿನ ಗ್ರಂಥದಲ್ಲಿ ಸ್ಪಷ್ಟವಾಗಿರುವುದರಿಂದ ಮುಂದೆ ಹೇಳುವ ಸಂಖ್ಯೆಗಳೆಲ್ಲ ಅಲ್ಲಿಯವೇ ಆಗಿವೆ.

ಟರ್ಬೈನು ಇಂಜಿನಿನ ವಿಮಾನಗಳ ಮೇಲೆ ಕೆಲಸಮಾಡುವ ಬಿ-1 ವರ್ಗದ ಲೈಸೆನ್ಸನ್ನು ಬಯಸುವವನು, ಮೊದಲು ಯಾವ ತಾಂತ್ರಿಕ ಶಿಕ್ಷಣವನ್ನೂ ಪಡೆಯದವನಾದರೆ, ಹಾರುತ್ತಿರುವ ವಿಮಾನಗಳ ದುರಸ್ತಿಯಲ್ಲಿ 5 ವರುಷಗಳ ಅನುಭವವನ್ನು ತೋರಿಸಬೇಕು. ಅನುಮತಿ ಪಡೆದ ಸಂಸ್ಥೆಯಲ್ಲಿ 2,400 ಗಂಟೆಗಳ ಮೂಲ ಶಿಕ್ಷಣವನ್ನು ಮುಗಿಸಿದವನಿಗಾದರೋ 2 ವರುಷಗಳ ಅನುಭವವು ಸಾಕು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಸಂಸ್ಥೆಯ ಪ್ರಮಾಣಪತ್ರವು 3 ವರುಷಗಳ ದುಡಿಮೆಗೆ ಸಮಾನವೆಂದು ಕಾನೂನು ಒಪ್ಪಿದಂತಾಯಿತು. ಮೂರು ವರುಷಗಳ ಕಾಲ ಚಳಿಯಲ್ಲಿ, ಮಳೆಯಲ್ಲಿ, ರಾತ್ರಿಯ ಪಾಳಿಯಲ್ಲಿ ಎಣ್ಣೆಯ ಕೈಯಿಂದ ಕಲಿಯಬೇಕಾದದ್ದನ್ನು ಬೋಧಕನು ಕೊಡುವನೆಂಬ ನಂಬಿಕೆಯ ಮೇಲೆ ಈ ರಿಯಾಯಿತಿ ನಿಂತಿದೆ. ಬೋಧಕನು ಕೊಡದಿದ್ದರೆ ಆ ಮೂರು ವರುಷಗಳು ಎಲ್ಲಿಯೂ ಭರ್ತಿಯಾಗುವುದಿಲ್ಲ. ತಪಾಸಣೆಯ ಮೂಲಪ್ರಯೋಜನವು ಇದೇ. ಉಳಿದ ಪ್ರಯೋಜನಗಳು ಇದರ ಕೊಂಬೆಗಳು.

ಇಂಥ ಸಂಸ್ಥೆಯಲ್ಲಿ ಮೂರು ಬಗೆಯ ಅಧಿಕಾರಗಳುಂಟು. ಪಾಠ ಹೇಳುವವನು ಬೋಧಕನು. ಪ್ರಶ್ನೆಗಳಿಂದ ತಿಳಿವಳಿಕೆಯನ್ನು ಅಳೆಯುವವನು ಪರೀಕ್ಷಕನು. ಕೈಕೆಲಸವನ್ನು ಕಣ್ಣಾರೆ ನೋಡಿ ಆಗಬಹುದು ಅಥವಾ ಆಗದು ಎಂದು ಹೇಳುವವನು ಪ್ರಾಯೋಗಿಕ ಮೌಲ್ಯಮಾಪಕನು. ಒಬ್ಬನೇ ಈ ಮೂರನ್ನೂ ವಹಿಸಬಹುದೆಂದು ನಿಯಮವು ಒಪ್ಪುತ್ತದೆ. ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಯೋಗ್ಯನಾಗಿರಬೇಕು. ಈ ಮಾತನ್ನು ಸಂಸ್ಥೆಗಳು ಬೇಗ ಮರೆಯುತ್ತವೆ. ಚೆನ್ನಾಗಿ ಕೆಲಸಮಾಡುವವನು ಚೆನ್ನಾಗಿ ಕಲಿಸುವನೆಂದೂ, ಚೆನ್ನಾಗಿ ಕಲಿಸುವವನು ಚೆನ್ನಾಗಿ ಪರೀಕ್ಷಿಸುವನೆಂದೂ ತಿಳಿಯುವುದು ಸಾಮಾನ್ಯವಾದ ಭ್ರಮೆ. ಶಿಷ್ಯನ ಮೇಲಣ ಅಕ್ಕರೆಯು ಬೋಧಕನಲ್ಲಿ ಗುಣವಾದರೆ ಪರೀಕ್ಷಕನಲ್ಲಿ ಅದೇ ದೋಷವಾಗಬಹುದು. ಪರೀಕ್ಷೆಯ ಮಟ್ಟವನ್ನು ಸ್ಪಷ್ಟವಾಗಿ ತಿಳಿದಿರಬೇಕು, ಪರೀಕ್ಷೆಯನ್ನು ನಡೆಯಿಸುವುದರಲ್ಲಿ ಹೊಣೆಯರಿತ ಮನೋಭಾವವಿರಬೇಕು ಎಂದು ಮಾರ್ಗದರ್ಶಿಯು ಪರೀಕ್ಷಕನಿಂದ ಅಪೇಕ್ಷಿಸುತ್ತದೆ. ತಿಳಿವಳಿಕೆಯನ್ನು ಅಳೆಯಬಹುದು. ಮನೋಭಾವವನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ತಪಾಸಣಾಧಿಕಾರಿಗೆ ಅತ್ಯಂತ ಕಷ್ಟದ ಭಾಗವು ಇದು. ಇದಕ್ಕೆ ಮುಂದೆ ಬರಲಾಗುವುದು.

ಬೋಧಕನೂ ಪರೀಕ್ಷಕನೂ 24 ತಿಂಗಳಿಗೊಮ್ಮೆಯಾದರೂ ತಮ್ಮ ವಿದ್ಯೆಯನ್ನು ಹೊಸದು ಮಾಡಿಕೊಳ್ಳಬೇಕು. ಈಗಿನ ಯಂತ್ರವಿದ್ಯೆ, ಕೈಕೆಲಸ, ಮನುಷ್ಯಸ್ವಭಾವದಿಂದ ಆಗುವ ತಪ್ಪುಗಳ ಶಾಸ್ತ್ರ, ಬೋಧನೆಯ ಹೊಸ ಪದ್ಧತಿಗಳು ಇವು ಅದರಲ್ಲಿ ಸೇರಿರಬೇಕು. ಇದಕ್ಕೆ ಸಾಧಾರಣವಾಗಿ 35 ಗಂಟೆಗಳೆಂದು ಹೇಳಿದೆ. ಪ್ರತಿಯೊಬ್ಬನ ಅನುಭವ, ಅರ್ಹತೆ, ಪಡೆದ ಶಿಕ್ಷಣ ಇವುಗಳ ದಾಖಲೆಯನ್ನು ಸಂಸ್ಥೆಯು ಇಡಬೇಕು. ಅವನು ಏನನ್ನು ಮಾಡಬಹುದೆಂಬ ಕಾರ್ಯವ್ಯಾಪ್ತಿಯನ್ನು ಬರೆದು ಕೊಡಬೇಕು. ಪರೀಕ್ಷಕರ ಮತ್ತು ಮೌಲ್ಯಮಾಪಕರ ಹೆಸರುಗಳು ಸಂಸ್ಥೆಯ ಕೈಪಿಡಿಯಲ್ಲಿಯೇ ಇರಬೇಕು. ತರಗತಿಯೊಂದರಲ್ಲಿ 28 ಜನಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಕೂಡದು; ಕೈಕೆಲಸದಲ್ಲಿ ಒಬ್ಬ ಮೇಲ್ವಿಚಾರಕನಿಗೆ 15ಕ್ಕಿಂತ ಹೆಚ್ಚು ಕೂಡದು. ಸಂಸ್ಥೆಯ ಒಳಗಿನ ಸ್ವತಂತ್ರ ತಪಾಸಣೆಯು 12 ತಿಂಗಳಲ್ಲಿ ಒಮ್ಮೆಯಾದರೂ ಎಲ್ಲ ಅಂಗಗಳನ್ನೂ ಮುಟ್ಟಬೇಕು. ಸರಕಾರದ ಅಧಿಕಾರಿಯು 24 ತಿಂಗಳಿಗೆ ಮೀರದಂತೆ ಪೂರ್ಣ ತಪಾಸಣೆಯನ್ನು ಮಾಡಬೇಕು. ಅದರಲ್ಲಿ ಒಂದು ಪಾಠಕ್ರಮವನ್ನೂ ಒಂದು ಪರೀಕ್ಷೆಯನ್ನೂ ಎದುರಿಗಿದ್ದು ನೋಡಬೇಕು.

ಕಡೆಯ ಮಾತಿನ ಬೆಲೆಯನ್ನು ತಿಳಿಯುವುದಕ್ಕೆ ಇಂಗ್ಲೆಂಡಿನ ಒಂದು ಸಂಗತಿಯನ್ನು ವಿಸ್ತಾರವಾಗಿ ಹೇಳುವುದು ಅವಶ್ಯ. 1990ನೆಯ ಇಸವಿ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ಬಿ.ಎ.ಸಿ. ಒನ್-ಇಲೆವೆನ್ ವಿಮಾನವು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಾ ಪಟ್ಟಣಕ್ಕೆ ಹೊರಟಿತು. ಒಳಗೆ 81 ಪ್ರಯಾಣಿಕರೂ 6 ಜನ ಸಿಬ್ಬಂದಿಯೂ ಇದ್ದರು. 17,300 ಅಡಿಗಳ ಎತ್ತರದಲ್ಲಿ ಮುಖ್ಯಚಾಲಕನ ಎದುರಿಗಿನ ಗಾಜು ಕಿತ್ತು ಹಾರಿಹೋಯಿತು. ಗಾಳಿಯ ಸೆಳೆತಕ್ಕೆ ಚಾಲಕ ಟಿಮ್ ಲ್ಯಾಂಕಾಸ್ಟರನ ದೇಹವು ಅರ್ಧಕ್ಕಿಂತ ಹೆಚ್ಚಾಗಿ ಹೊರಕ್ಕೆ ಹೋಯಿತು. ಜೊತೆಯ ಸಿಬ್ಬಂದಿಯವರು ಅವನ ಕಾಲುಗಳನ್ನು ಹಿಡಿದುಕೊಂಡೇ ಇದ್ದರು. ಸಹಚಾಲಕ ಆಲಸ್ಟೇರ್ ಅಚಿಸನ್ನನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದನು. ಚಾಲಕನು ಬದುಕಿದನು. ಯಾರೂ ಸಾಯಲಿಲ್ಲ.

ಆ ಗಾಜನ್ನು ಹಾರಾಟಕ್ಕೆ ಸುಮಾರು 27 ಗಂಟೆಗಳ ಮುಂಚೆ ಹೊಸದಾಗಿ ಕೂಡಿಸಲಾಗಿತ್ತು. ಕೂಡಿಸಿದವನು ಪಾಳಿಯ ಮುಖ್ಯಸ್ಥನು. ಅನುಭವಿ, ಲೈಸೆನ್ಸುಳ್ಳವನು, ಕೆಲಸದಲ್ಲಿ ಶ್ರದ್ಧೆಯುಳ್ಳವನೆಂದು ಹೆಸರಾದವನು. ಕೈ ಸಾಲದೆ ರಾತ್ರಿಯಲ್ಲಿ ತಾನೇ ಒಬ್ಬನೇ ಕೆಲಸಕ್ಕೆ ನಿಂತನು. ಗಾಜಿಗೆ ಬೇಕಾದ 90 ಬೋಲ್ಟುಗಳ ಸಂಖ್ಯೆಯನ್ನು ಭಾಗಗಳ ಪಟ್ಟಿಯಲ್ಲಿ ನೋಡಲಿಲ್ಲ. ಬಿಚ್ಚಿದ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಅದಕ್ಕೆ ಸರಿಹೋಗುವುದನ್ನು ಹುಡುಕಿದನು. ಆ ಹಳೆಯವೇ ಗೊತ್ತುಪಡಿಸಿದ ಅಳತೆಗಿಂತ ಗಿಡ್ಡವಾಗಿದ್ದವು. ಗಾಜಿಗೆ ಬೇಕಾದದ್ದು ಬೇರೆ ಅಳತೆಯದೆಂದು ಉಗ್ರಾಣದವನು ಹೇಳಿದ್ದನು; ಆದರೆ ಆ ಮಾತು ನಿಲ್ಲಲಿಲ್ಲ. ಉಗ್ರಾಣದಲ್ಲಿ ಸಾಕಷ್ಟು ಸಿಗದ್ದರಿಂದ ಮತ್ತೊಂದೆಡೆ, ಬೆಳಕು ಸಾಲದ ಜಾಗದಲ್ಲಿ, ಮೇಲ್ವಿಚಾರಕರಿಲ್ಲದ ಡಬ್ಬಿಗಳಿಂದ ಆರಿಸಿಕೊಂಡನು. ಹೀಗೆ 84 ಬೋಲ್ಟುಗಳು ಒಂದು ಅಂಗುಲದ ಸಾವಿರದಲ್ಲಿ 26 ಭಾಗದಷ್ಟು ತೆಳ್ಳಗಿನವು ಕೂಡಿದವು. ಉಳಿದ 6 ಗಿಡ್ಡವು ಕೂಡಿದವು. ಅವನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಆ ಕೆಲಸಕ್ಕೆ ಎರಡನೆಯವನ ಪರಿಶೀಲನೆಯು ನಿಯಮದಲ್ಲಿ ಇರಲಿಲ್ಲ.

ವಿಚಾರಣೆಯ ವರದಿಯು 1992ರಲ್ಲಿ ಹೊರಬಿದ್ದಿತು. ಅದರಲ್ಲಿ ಈ ಉಪನ್ಯಾಸಕ್ಕೆ ಸಂಬಂಧಿಸಿದ ಒಂದು ನಿರ್ಣಯವಿದೆ. ಸಂಸ್ಥೆಯ ಗುಣಮಟ್ಟದ ತಪಾಸಣೆಗಳು ನಡೆಯುತ್ತಲೇ ಇದ್ದವು. ಮಾಡಿದ ಕೆಲಸದ ಮಾದರಿಗಳನ್ನು ತೆಗೆದು ನೋಡುವ ಪದ್ಧತಿಯೂ ಇತ್ತು. ಆದರೂ ಆ ಮುಖ್ಯಸ್ಥನ ಕೆಲಸದ ರೀತಿಯಲ್ಲಿದ್ದ ಕೊರತೆಯು ಯಾರಿಗೂ ಕಾಣಲಿಲ್ಲ. ಏಕೆಂದರೆ ಅವನು ಕೆಲಸಮಾಡುವುದನ್ನು ಯಾರೂ ನೇರವಾಗಿ ನೋಡುತ್ತಿರಲಿಲ್ಲ. ಕಾಗದಗಳನ್ನು ನೋಡಿದರು, ಮುಗಿದ ಕೆಲಸವನ್ನು ನೋಡಿದರು, ಮನುಷ್ಯನನ್ನು ನೋಡಲಿಲ್ಲ. ದುರಸ್ತಿಯವನ ವಿಷಯದಲ್ಲಿ ಹೇಳಿದ ಈ ಮಾತು ಬೋಧಕನಿಗೂ ಪರೀಕ್ಷಕನಿಗೂ ಅಕ್ಷರಶಃ ಸಲ್ಲುತ್ತದೆ. ಭಾಗಗಳ ಪಟ್ಟಿಯನ್ನು ತೆರೆಯದೆ ಕಣ್ಣಳತೆಯಿಂದ ಆರಿಸುವ ಅಭ್ಯಾಸವು ಹುಟ್ಟಿನಿಂದ ಬರುವುದಿಲ್ಲ. ಮೇಲಿನವರು ಹಾಗೆ ಮಾಡುವುದನ್ನು ಕಂಡಾಗಲೋ, ಮಾಡಿದಾಗ ಯಾರೂ ತಡೆಯದಿದ್ದಾಗಲೋ ಅದು ಬೇರೂರುತ್ತದೆ. ಕಾರ್ಯಶಾಲೆಯಲ್ಲಿ ಕೈಪಿಡಿಯನ್ನು ಬದಿಗಿಟ್ಟು ಬಾಯಿಪಾಠದಿಂದ ಕಲಿಸುವ ಬೋಧಕನು, ತಾನು ಅರಿಯದೆಯೇ, ಆ ಅಭ್ಯಾಸವನ್ನು ಒಂದು ತಂಡಕ್ಕೆ ಹದಿನೈದು ಜನರಂತೆ ಹಂಚುತ್ತಿರುವನು.

ಹಾಗಾದರೆ ತಪಾಸಣೆಯನ್ನು ಹೇಗೆ ಮಾಡತಕ್ಕದ್ದು? ಕಾಗದಗಳನ್ನು ನೋಡುವುದು ಬೇಡವೆಂದಲ್ಲ, ಅಲ್ಲಿಂದಲೇ ಮೊದಲಾಗಬೇಕು. ಆದರೆ ಕಾಗದವನ್ನು ಕಾಗದದೊಡನೆ ಹೋಲಿಸಿದರೆ ಫಲ ಅಲ್ಪ. ಕಾಗದವನ್ನು ಗಡಿಯಾರದೊಡನೆಯೂ ಪಂಚಾಂಗದೊಡನೆಯೂ ಹೋಲಿಸಬೇಕು. ಒಬ್ಬ ಮೌಲ್ಯಮಾಪಕನು ಒಂದು ದಿನ 15 ವಿದ್ಯಾರ್ಥಿಗಳ ಕೈಕೆಲಸವನ್ನು ನೋಡಿ ಸಹಿ ಹಾಕಿದ್ದಾನೆನ್ನೋಣ. ಆ ಕೆಲಸವನ್ನು ಸರಿಯಾಗಿ ಮಾಡಿ ತೋರಿಸುವುದಕ್ಕೆ ಒಬ್ಬನಿಗೆ 40 ನಿಮಿಷಗಳು ಬೇಕಾದರೆ ಒಟ್ಟು 600 ನಿಮಿಷಗಳು, ಎಂದರೆ 10 ಗಂಟೆಗಳು ಆದವು. ಅದೇ ದಿನ ಅದೇ ಮನುಷ್ಯನ ಹೆಸರು ತರಗತಿಯ ಹಾಜರಿಪುಸ್ತಕದಲ್ಲಿ ನಾಲ್ಕು ಗಂಟೆಗಳ ಪಾಠಕ್ಕೂ ಇದ್ದರೆ ಬೇರೆ ಸಾಕ್ಷಿಯು ಬೇಕಾಗುವುದಿಲ್ಲ. ಸಹಿಯು ಸತ್ಯವಾಗಿರಬಹುದು, ನೋಡಿದ್ದು ಸತ್ಯವಲ್ಲ. ಅಂತೆಯೇ 35 ಗಂಟೆಗಳ ಪುನಶ್ಚರ್ಯೆಯ ದಾಖಲೆಯನ್ನು ನೋಡುವಾಗ ಗಂಟೆಗಳನ್ನು ಕೂಡಿಸಿ ಬಿಟ್ಟರೆ ಸಾಲದು. ಎರಡು ವರುಷಗಳಲ್ಲಿಯೂ ಅವನು ಕುಳಿತದ್ದು ಬರಿಯ ಕಾನೂನಿನ ಉಪನ್ಯಾಸಗಳಿಗೋ, ಹ್ಯಾಂಗರಿಗೆ ಒಮ್ಮೆಯಾದರೂ ಹೋಗಿ ಕೈಯಲ್ಲಿ ಉಪಕರಣ ಹಿಡಿದನೋ ಎಂಬುದನ್ನು ಕೇಳಬೇಕು.

ಆಮೇಲೆ ತರಗತಿಗೆ ಹೋಗಬೇಕು. ಹಿಂದಿನ ಬೆಂಚಿನಲ್ಲಿ ಕುಳಿತು ಹತ್ತು ನಿಮಿಷ ಕೇಳಿ ಎದ್ದುಬರುವುದು ವಾಡಿಕೆ. ಅದು ತಪಾಸಣೆಯಲ್ಲ, ಸೌಜನ್ಯದ ಭೇಟಿ. ಪೂರ್ಣ ಪಾಠವನ್ನು ಕೇಳಬೇಕು. ಪಠ್ಯಕ್ರಮದಲ್ಲಿ ಪ್ರತಿ ವಿಷಯಕ್ಕೂ 1, 2, 3 ಎಂಬ ಮಟ್ಟಗಳನ್ನು ಕೊಟ್ಟಿರುತ್ತದೆ. ಮೊದಲನೆಯದು ಪರಿಚಯಮಾತ್ರ, ಮೂರನೆಯದು ವಿವರವಾದ ಜ್ಞಾನ, ಎಂದರೆ ಕಲಿತದ್ದನ್ನು ಹೊಸ ಸಂದರ್ಭಕ್ಕೆ ಅನ್ವಯಿಸಬಲ್ಲ ಶಕ್ತಿ. ಮೂರನೆಯ ಮಟ್ಟದ ವಿಷಯವನ್ನು ಮೊದಲನೆಯ ಮಟ್ಟದಲ್ಲಿ ಹೇಳಿ ಮುಗಿಸುವುದು ಅಸಮರ್ಥ ಬೋಧಕನ ಮುಖ್ಯ ಗುರುತು. ಅವನು ತಪ್ಪನ್ನು ಹೇಳುವುದಿಲ್ಲ; ಆಳಕ್ಕೆ ಇಳಿಯುವುದಿಲ್ಲ, ಅಷ್ಟೆ. ವಿದ್ಯಾರ್ಥಿಯು ಏಕೆ ಎಂದು ಕೇಳಿದಾಗ ಅದು ಪರೀಕ್ಷೆಗೆ ಬರುವುದಿಲ್ಲವೆಂದು ಉತ್ತರ ಬಂದರೆ ತಪಾಸಣಾಧಿಕಾರಿಯು ಅದನ್ನು ಬರೆದುಕೊಳ್ಳಬೇಕು.

ಕಾರ್ಯಶಾಲೆಯಲ್ಲಿ ಒಂದೇ ಪ್ರಶ್ನೆಯಿಂದ ಎಷ್ಟೋ ಸಂಗತಿಯು ಹೊರಬೀಳುತ್ತದೆ. ಬೋಲ್ಟನ್ನು ಗೊತ್ತಾದ ಬಿಗಿತಕ್ಕೆ ತಿರುಗಿಸುವ ಉಪಕರಣಕ್ಕೆ ಟಾರ್ಕ್ ರೆಂಚ್ ಎನ್ನುವರು. ಕೈ ಹೋಗದ ಇಕ್ಕಟ್ಟಿನಲ್ಲಿ ಅದರ ತುದಿಗೆ ನೇರವಾಗಿ ಒಂದು ತುಂಡನ್ನು ಜೋಡಿಸಬೇಕಾಗುತ್ತದೆ. ರೆಂಚಿನ ಉದ್ದ 10 ಅಂಗುಲ, ಜೋಡಿಸಿದ ತುಂಡು 2 ಅಂಗುಲ, ಬೇಕಾದ ಬಿಗಿತ 120 ಅಂಗುಲ-ಪೌಂಡು ಎಂದಿಟ್ಟುಕೊಳ್ಳೋಣ. ರೆಂಚಿನ ಮೇಲೆ ಎಷ್ಟನ್ನು ಗುರುತುಮಾಡಬೇಕು? ಬಲ್ಲವನು 120ನ್ನು 10ರಿಂದ ಗುಣಿಸಿ 12ರಿಂದ ಭಾಗಿಸಿ 100 ಎನ್ನುವನು. ಅರಿಯದವನು 120 ಎಂದೇ ಇಡುವನು. ಆಗ ಬೋಲ್ಟಿನ ಮೇಲೆ ಬೀಳುವುದು 144. ರೆಂಚು ಸರಿಯಾದ ಹೊತ್ತಿಗೆ ಟಕ್ಕೆಂದು ಸದ್ದುಮಾಡುತ್ತದೆ, ದಾಖಲೆಯಲ್ಲಿ 120 ಎಂದು ಬರೆಯಲಾಗುತ್ತದೆ, ಬೋಲ್ಟು ಮಾತ್ರ ಐದರಲ್ಲಿ ಒಂದು ಪಾಲು ಹೆಚ್ಚಿಗೆ ಬಿಗಿದು ಒಳಗೊಳಗೇ ಎಳೆಯುತ್ತಿರುತ್ತದೆ. ಈ ಲೆಕ್ಕವನ್ನು ತಿಳಿಯದ ಬೋಧಕನ ಕಡತದಲ್ಲಿ ಹತ್ತು ಪ್ರಮಾಣಪತ್ರಗಳಿದ್ದರೂ ಉಪಯೋಗವಿಲ್ಲ. ಲಾಕಿಂಗ್ ವೈರಿನ ವಿಷಯವೂ ಹಾಗೆಯೇ. ತಂತಿಯು ಬೋಲ್ಟನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತೆ ಕಟ್ಟಬೇಕು. ತಿರುವಾಗಿ ಕಟ್ಟಿದರೆ ನೋಡುವುದಕ್ಕೆ ಅಂದವಾಗಿಯೇ ಇರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಬೋಧಕನ ಕೈಯಿಂದಲೇ ಅದನ್ನು ಕಟ್ಟಿಸಿ ನೋಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಪರೀಕ್ಷಕನ ಕೆಲಸವನ್ನು ತೂಗುವುದು ಇದಕ್ಕಿಂತ ಸೂಕ್ಷ್ಮ. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಮೂರು ಉತ್ತರಗಳನ್ನು ಕೊಟ್ಟಿರುತ್ತದೆ. ಒಂದು ಮಾತ್ರ ಸರಿ. ಪ್ರಶ್ನೆಯೊಂದಕ್ಕೆ ಸರಾಸರಿ 75 ಸೆಕೆಂಡುಗಳ ಅವಧಿ. ಉತ್ತೀರ್ಣನಾಗುವುದಕ್ಕೆ ನೂರಕ್ಕೆ 75 ಅಂಕಗಳು ಬೇಕು. 40 ಪ್ರಶ್ನೆಗಳ ಪತ್ರಿಕೆಯಾದರೆ 50 ನಿಮಿಷಗಳು, ಸರಿಯಾಗಬೇಕಾದವು 30. ಕೇಳಿದವರಿಗೆ ಇದು ಬಿಗಿಯಾದ ಮಟ್ಟವೆಂದೇ ತೋರುವುದು. ಆದರೆ ಲೆಕ್ಕ ಹಾಕಿ ನೋಡಬೇಕು. 25 ಪ್ರಶ್ನೆಗಳಿಗೆ ನಿಜವಾಗಿ ಉತ್ತರ ಬಲ್ಲವನು ಉಳಿದ 15ನ್ನು ಕಣ್ಣುಮುಚ್ಚಿ ಗುರುತುಮಾಡಿದರೆ ಮೂರರಲ್ಲಿ ಒಂದರಂತೆ 5 ಸರಿಯಾಗಿ ಒಟ್ಟು 30 ಆಗುತ್ತದೆ. ಇನ್ನು ಪ್ರಶ್ನೆಯನ್ನು ರಚಿಸಿದವನು ಸೋಮಾರಿತನದಿಂದ ಮೂರನೆಯ ಉತ್ತರವನ್ನು ಯಾರೂ ನಂಬದಂಥ ಹುಚ್ಚು ಉತ್ತರವಾಗಿ ಬರೆದಿದ್ದರೆ, ಉಳಿಯುವುದು ಎರಡೇ. ಆಗ 20 ಪ್ರಶ್ನೆಗಳನ್ನು ಬಲ್ಲವನು ಉಳಿದ 20ರಲ್ಲಿ ಅರ್ಧವನ್ನು ಅದೃಷ್ಟದಿಂದ ಪಡೆದು 30ಕ್ಕೆ ಮುಟ್ಟುವನು. ಪಠ್ಯದ ಅರ್ಧವನ್ನು ಮಾತ್ರ ಬಲ್ಲವನು ಮುಕ್ಕಾಲು ಬಲ್ಲವನೆಂಬ ಪ್ರಮಾಣಪತ್ರವನ್ನು ಹಿಡಿದು ಹೊರಬೀಳುವನು. ಯಾರೂ ನಕಲು ಮಾಡಲಿಲ್ಲ, ಯಾರೂ ಲಂಚ ತೆಗೆದುಕೊಳ್ಳಲಿಲ್ಲ, ಒಂದು ನಿಯಮವೂ ಮುರಿಯಲಿಲ್ಲ. ಪ್ರಶ್ನೆ ರಚಿಸುವವನ ಅಯೋಗ್ಯತೆಯೊಂದೇ ಇದಕ್ಕೆ ಕಾರಣ. ಆದುದರಿಂದ ತಪಾಸಣಾಧಿಕಾರಿಯು ಪ್ರಶ್ನೆಗಳ ಭಂಡಾರವನ್ನು ತೆರೆಯಿಸಿ ತಪ್ಪು ಉತ್ತರಗಳನ್ನು ಓದಬೇಕು. ಸರಿಯುತ್ತರಗಳನ್ನು ಎಲ್ಲರೂ ಓದುವರು. ಪರೀಕ್ಷಕನ ಯೋಗ್ಯತೆಯು ತಪ್ಪು ಉತ್ತರಗಳಲ್ಲಿ ಅಡಗಿರುವುದು.

ಹಳೆಯ ಉತ್ತರಪತ್ರಿಕೆಗಳೂ ಮಾತನಾಡುವವು. 28 ಜನರಲ್ಲಿ 28 ಜನರೂ ಸರಿಯಾಗಿ ಬರೆದ ಪ್ರಶ್ನೆಯು ಯಾರನ್ನೂ ಪರೀಕ್ಷಿಸಲಿಲ್ಲ. ಜಾಣರಾದವರು ತಪ್ಪಿ, ಹಿಂದುಳಿದವರು ಸರಿಯಾಗಿ ಬರೆದ ಪ್ರಶ್ನೆಯಲ್ಲಿ ಸರಿಯುತ್ತರವೆಂದು ಗುರುತಿಸಿದ್ದೇ ತಪ್ಪಾಗಿರುವ ಸಂಭವವುಂಟು. ಒಂದೇ ಪತ್ರಿಕೆಯು ತಂಡದಿಂದ ತಂಡಕ್ಕೆ ತಿರುಗುತ್ತಿದ್ದು ಅಂಕಗಳು ಮಾತ್ರ ಏರುತ್ತ ಬಂದಿದ್ದರೆ, ಬೋಧನೆಯು ಉತ್ತಮವಾಯಿತೆಂದು ಸಂತೋಷಪಡುವುದಕ್ಕೆ ಮುಂಚೆ ವಿದ್ಯಾರ್ಥಿನಿಲಯದಲ್ಲಿ ಯಾವ ಪುಸ್ತಕವು ಕೈಯಿಂದ ಕೈಗೆ ಹೋಗುತ್ತಿದೆಯೆಂದು ವಿಚಾರಿಸುವುದು ಒಳ್ಳೆಯದು.

ಇನ್ನು ಮನೋಭಾವದ ಮಾತು. ಪರೀಕ್ಷೆಯ ಕಾಲದಲ್ಲಿ ಉತ್ತರವನ್ನು ಒದಗಿಸಿದನೆಂದು ಕಂಡುಬಂದ ಪರೀಕ್ಷಕನು ಆ ಸ್ಥಾನಕ್ಕೆ ಅನರ್ಹನಾಗುವನು, ಆ ಪರೀಕ್ಷೆಯೂ ರದ್ದಾಗುವುದು. ನಕಲು ಮಾಡಿದ ವಿದ್ಯಾರ್ಥಿಯು 12 ತಿಂಗಳವರೆಗೆ ಮತ್ತಾವ ಪರೀಕ್ಷೆಗೂ ಕೂಡುವಂತಿಲ್ಲ. ದಂಡನೆಯು ಸ್ಪಷ್ಟವಾಗಿದೆ. ಆದರೆ ಹೊಣೆಗೇಡಿತನವು ಯಾವಾಗಲೂ ಇಷ್ಟು ಬಹಿರಂಗವಾಗಿ ಬರುವುದಿಲ್ಲ. ಅದು ದಯೆಯ ವೇಷದಲ್ಲಿ ಬರುತ್ತದೆ. ಬಡವರ ಹುಡುಗ, ಮನೆಯವರು ಸಾಲಮಾಡಿದ್ದಾರೆ, ಒಂದೆರಡು ಅಂಕಗಳಿಗಾಗಿ ಏಕೆ ನಿಲ್ಲಿಸಬೇಕು ಎಂದು ಪರೀಕ್ಷಕನ ಮನಸ್ಸು ಕರಗುವುದು ಅಸ್ವಾಭಾವಿಕವಲ್ಲ. ಆ ಹುಡುಗನ ಕೈಯಲ್ಲಿ ಮುಂದೆ ಇರುವುದು ಎಂಬತ್ತು ತೊಂಬತ್ತು ಜನರು ಕುಳಿತ ವಿಮಾನವೆಂಬುದು ಆ ಗಳಿಗೆಯಲ್ಲಿ ಕಣ್ಣಿಗೆ ಕಟ್ಟುವುದಿಲ್ಲ. ಇದನ್ನು ಕಂಡುಹಿಡಿಯುವ ಉಪಾಯವೊಂದೇ: ಅನುತ್ತೀರ್ಣರಾದವರ ಪಟ್ಟಿಯನ್ನು ಕೇಳುವುದು. ವರುಷಗಟ್ಟಲೆ ಯಾರನ್ನೂ ನಿಲ್ಲಿಸದ ಮೌಲ್ಯಮಾಪಕನೊಡನೆ ಒಂದು ತಾಸು ಕುಳಿತು ಮಾತನಾಡಬೇಕು. ಅವನ ವಿದ್ಯಾರ್ಥಿಗಳು ಅಷ್ಟು ಜಾಣರಾಗಿರಲೂಬಹುದು. ಆಗ ಅದೇ ಹುಡುಗರಲ್ಲಿ ಕೆಲವರ ಕೈಗೆ ಅದೇ ಕೆಲಸವನ್ನು ಮತ್ತೊಮ್ಮೆ ಕೊಟ್ಟು ನೋಡಿದರೆ ಸಂದೇಹವು ಪರಿಹಾರವಾಗುವುದು.

ತಪಾಸಣೆ ಮಾಡುವವನ ಯೋಗ್ಯತೆಯನ್ನೂ ಕೇಳದೆ ಬಿಡುವಂತಿಲ್ಲ. ಟಾರ್ಕ್ ರೆಂಚಿನ ಲೆಕ್ಕವು ತನಗೇ ತಿಳಿಯದವನು ಬೋಧಕನನ್ನು ಏನೆಂದು ಕೇಳಿಯಾನು? ಅವನು ಪಟ್ಟಿಯನ್ನು ಹಿಡಿದು ಇದೆ, ಇದೆ, ಇದೆ ಎಂದು ಗುರುತುಮಾಡುತ್ತ ಹೋಗುವನು. ತನ್ನ ಕೆಲಸವನ್ನು ತಾನೇ ತಪಾಸಣೆ ಮಾಡುವುದೂ ಸಲ್ಲದು. ಸಣ್ಣ ಸಂಸ್ಥೆಗಳಲ್ಲಿ ಬೇರೆ ಜನರು ಇಲ್ಲದಿದ್ದರೆ ಹೊರಗಿನ ಯೋಗ್ಯರಿಂದ ಮಾಡಿಸಬಹುದೆಂದು ಯೂರೋಪಿನ ಮಾರ್ಗದರ್ಶಿಯು ಹೇಳುತ್ತದೆ. ಆದರೆ ಆಗ 12 ತಿಂಗಳಲ್ಲಿ ಎರಡು ಸಲ ಮಾಡಬೇಕು, ಅದರಲ್ಲಿ ಒಂದು ಮುನ್ಸೂಚನೆಯಿಲ್ಲದೆ ನಡೆಯಬೇಕು. ಈ ಮುನ್ಸೂಚನೆಯಿಲ್ಲದ ತಪಾಸಣೆಯು ದೊಡ್ಡ ಸಂಸ್ಥೆಗಳಿಗೂ ಅವಶ್ಯವೆಂದು ತೋರುತ್ತದೆ. ಮೊದಲೇ ದಿನವನ್ನು ಗೊತ್ತುಮಾಡಿದರೆ ಆ ದಿನ ಅತ್ಯುತ್ತಮ ಬೋಧಕನು ಅತ್ಯುತ್ತಮ ಪಾಠವನ್ನು ಹೇಳುವನು. ಉಳಿದ ದಿನಗಳ ಸುದ್ದಿ ತಿಳಿಯುವುದಿಲ್ಲ. ಅಪರೂಪಕ್ಕೆ ಬರುವ ವಿಷಯಗಳನ್ನು ಕಲಿಸಲು ಹೊರಗಿನ ಅರೆಕಾಲದ ಬೋಧಕರನ್ನು ಕರೆಯುವುದಕ್ಕೆ ಅವಕಾಶವುಂಟು. ಅವರ ದಾಖಲೆಗಳೇ ಹೆಚ್ಚಾಗಿ ಅಪೂರ್ಣವಾಗಿರುವುದರಿಂದ ಅಲ್ಲಿ ಒಂದಿಷ್ಟು ಹೆಚ್ಚಿನ ಹೊತ್ತನ್ನು ಕಳೆಯುವುದು ವಿಹಿತ.

ದೋಷಗಳು ಕಂಡ ಮೇಲೆ ಅವುಗಳನ್ನು ಎರಡು ದರ್ಜೆಗಳಾಗಿ ಎಣಿಸುವರು. ಪರೀಕ್ಷೆಯನ್ನೇ ಅಸಿಂಧುಗೊಳಿಸುವಂಥ ದೋಷವು ಮೊದಲನೆಯ ದರ್ಜೆಯದು. ಬರಹದ ಮೂಲಕ ತಿಳಿಸಿದ 3 ದಿನಗಳಲ್ಲಿ ಅದನ್ನು ಸರಿಪಡಿಸದಿದ್ದರೆ ಸಂಸ್ಥೆಯ ಅನುಮತಿಯು ಪೂರ್ಣವಾಗಿಯೋ ಅಂಶತಃವಾಗಿಯೋ ನಿಲ್ಲುವುದು. ಉಳಿದವು ಎರಡನೆಯ ದರ್ಜೆಯವು. ಕಾಗದದ ಮೇಲೆ ದೋಷವನ್ನು ಮುಚ್ಚುವುದು ಸುಲಭ. ಬೋಧಕನಿಗೆ ಟಾರ್ಕ್ ರೆಂಚಿನ ಲೆಕ್ಕ ಬರುವುದಿಲ್ಲವೆಂದು ಬರೆದರೆ ಅವನನ್ನು ಒಂದು ದಿನದ ಪಾಠಕ್ಕೆ ಕಳುಹಿಸಿ, ಪ್ರಮಾಣಪತ್ರವನ್ನು ಲಗತ್ತಿಸಿ, ದೋಷವು ಪರಿಹಾರವಾಯಿತೆಂದು ಉತ್ತರ ಬರೆಯುವರು. ಅವನನ್ನು ನೇಮಿಸುವಾಗ ಅವನ ಮಾದರಿ ಪಾಠವನ್ನು ಯಾರು ಕೇಳಿದರು, ಅವನ ಕೈಕೆಲಸವನ್ನು ಯಾರು ನೋಡಿದರು, ಅಂದಿನಿಂದ ಈವರೆಗೆ ಅವನು ಯಾವ ಯಾವ ತಂಡಗಳಿಗೆ ಕಲಿಸಿದನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರುವವರೆಗೆ ಕಡತವನ್ನು ಮುಚ್ಚಬಾರದು.

ಮೂರನೆಯ ಪ್ರಶ್ನೆಯು ಸಂಸ್ಥೆಗಳಿಗೆ ಎಲ್ಲಕ್ಕಿಂತ ಕಹಿಯಾದದ್ದು. ವಿದ್ಯಾರ್ಥಿಗಳ ಶಿಕ್ಷಣ, ಪರೀಕ್ಷೆ, ಕೈಕೆಲಸ ಇವುಗಳ ದಾಖಲೆಗಳನ್ನು ಕಾಲದ ಮಿತಿಯಿಲ್ಲದೆ ಕಾಪಾಡಬೇಕೆಂದು ನಿಯಮವಿದೆ. ಆದುದರಿಂದ ಯಾವ ಬೋಧಕನ ಕೈಕೆಳಗೆ ಯಾರು ಕಲಿತರು, ಯಾವ ಪರೀಕ್ಷಕನು ಯಾರಿಗೆ ಅಂಕವಿತ್ತನು ಎಂಬುದು ಹತ್ತು ವರುಷಗಳ ಮೇಲೆಯೂ ಸಿಗಬೇಕು. ಆ ಹುಡುಗರು ಅಷ್ಟರಲ್ಲಿ ಲೈಸೆನ್ಸು ಪಡೆದು ಬೇರೆ ಬೇರೆ ವಿಮಾನನಿಲ್ದಾಣಗಳಲ್ಲಿ ಕೆಲಸಕ್ಕೆ ನಿಂತಿರುವರು. ಅವರ ಹೆಸರುಗಳನ್ನು ತೆಗೆದು, ಅವರಿಗೂ ಅವರ ಈಗಿನ ಯಜಮಾನರಿಗೂ ಪತ್ರ ಬರೆದು, ಬಿಟ್ಟುಹೋದ ಪಾಠವನ್ನು ಪುನಃ ಹೇಳಿ, ಪರೀಕ್ಷೆಯು ರದ್ದಾದಲ್ಲಿ ಮರುಪರೀಕ್ಷೆಯನ್ನು ನಡೆಯಿಸುವುದಕ್ಕೆ ತಗಲುವ ವೆಚ್ಚವನ್ನು ಸಂಸ್ಥೆಯೇ ಹೊರುವುದು ನ್ಯಾಯವು. ಹೊಲವನ್ನು ಒತ್ತೆಯಿಟ್ಟು ಶುಲ್ಕ ಕಟ್ಟಿದ ತಂದೆಯಿಂದ ಅದನ್ನು ಎರಡನೆಯ ಸಲ ಕೇಳತಕ್ಕದ್ದಲ್ಲ.